ಎಡೆಗೆ ತೆಗೆದ ಒಂದು ರೊಟ್ಟಿ

ಮುಂಬಯಿಯ ಮಳೆಗಾಲದಲ್ಲಿ ಕಡಕ್ ರೊಟ್ಟಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಆಮೇಲೆ ಬೂಷ್ಟು. ಊರಿನಲ್ಲಿ ತಿಂಗಳುಗಟ್ಟಲೆ ಇರುವ ಜೋಳದ ರೊಟ್ಟಿ ಭಾಂಡುಪಿನ ನಮ್ಮ ಚಾಳಿನಲ್ಲಿ ಉಳಿಯುತ್ತಿರಲಿಲ್ಲ. ನನ್ನ ಮಗಳು ಅದನ್ನು ಉಳಿಸಿ ತೋರಿಸಲು ಹೊರಟಳು.

ಅದು ಎಪ್ಪತ್ತನೇ ಇಸವಿಯ ಆಚೀಚೆ. ಅವಳ ಕನ್ನಡ ಶಾಲೆಯವರು ಮಕ್ಕಳನ್ನು ಮಾಟುಂಗದಲ್ಲಿ ನಡೆಯುವ ಕೃಷಿ ಸ್ಪರ್ಧೆಗೆ ಕಳಿಸುತ್ತಿದ್ದರು. ಕೆಲವರದು ಮಣ್ಣಿನ ಪರೀಕ್ಷೆ, ಕೆಲವರದು ಮಳೆನೀರು ಹಿಡಿಯುವುದು, ಇವಳದು ಆಹಾರ ಕೆಡದಂತೆ ಇಡುವುದು. ಗೆದ್ದವರಿಗೆ ಕೃಷಿ ಶಾಲೆಯಲ್ಲಿ ಊಟ, ವಸತಿ, ಓದು ಎಲ್ಲ ಪುಕ್ಕಟೆ. ನನ್ನ ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು. ಮೊದಲೇ ಹೇಳಿಬಿಟ್ಟಿದ್ದ: "ಗೆದ್ರ ಓದು. ಇಲ್ಲಾಂದ್ರ ಫ್ಯಾಕ್ಟರಿ. ನನ್ನ ಕೈಲೆ ಆಗೂದು ಇಷ್ಟ ನೋಡವಾ."

ತೆಳ್ಳಗೆ ಬಡಿಯುವುದು, ಇದ್ದಲಿ ಬೆಂಕಿಯ ಮುಂದೆ ನಿಲ್ಲಿಸಿ ಒಣಗಿಸುವುದು ನಾನು ಕಲಿಸಿದ್ದು. ತಗಡಿನ ಡಬ್ಬಿಯ ತಳದಲ್ಲಿ ಹುರಿದ ಅಕ್ಕಿಯ ಗಂಟು ಇಟ್ಟದ್ದು ಅವಳ ತಲೆ. "ತ್ಯಾವ ಎಲ್ಲಾ ಅಕ್ಕಿ ಕುಡೀಲಿ" ಎಂದಳು. ಸ್ಪರ್ಧೆಗೆ ತಿಂಗಳ ಮೊದಲೇ ಮಾಸ್ತರರು ರೊಟ್ಟಿ ತುಂಬಿದ ಡಬ್ಬಿಯ ಮುಚ್ಚಳಕ್ಕೆ ಅರಗು ಹಚ್ಚಿ ಶಾಲೆಯ ಮುದ್ರೆ ಒತ್ತಿದರು. ಅದನ್ನು ಪರೀಕ್ಷಕರೇ ಒಡೆಯಬೇಕು. ಶಾಲೆ ಸೋರುತ್ತಿದ್ದುದರಿಂದ ಡಬ್ಬಿ ನಮ್ಮ ಮನೆಯಲ್ಲೇ ಇತ್ತು. ಯಾರೂ ಮುಟ್ಟಬಾರದು ಎಂದು ಮಗಳು ಅಪ್ಪನಿಗೂ ಹೇಳಿದ್ದಳು. ಮನುಷ್ಯರು ಮುಟ್ಟಬಾರದು ಎಂದು ಅವನು ತಿಳಿದುಕೊಂಡ.

ಸ್ಪರ್ಧೆ ಬಂದದ್ದು ಶ್ರಾವಣ ಸೋಮವಾರ. ಬೆಳಿಗ್ಗೆ ನಾನು ಮಂದಿಯ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ, ಮಗಳು ನಳದ ಸಾಲಿನಲ್ಲಿದ್ದಳು. ನಾವು ಬರುವಷ್ಟರಲ್ಲಿ ಗಂಡ ಡಬ್ಬಿಯನ್ನು ಒಗೆದ ಪಂಜೆಯಲ್ಲಿ ಕಟ್ಟಿ ಸಿದ್ಧವಾಗಿ ನಿಂತಿದ್ದ. ಮೂವರೂ ಹೋದೆವು.

ಪರೀಕ್ಷಕರು ಕರಾವಳಿ ಕಡೆಯ ಹಿರಿಯರು. ಡಬ್ಬಿ ಅಲ್ಲಾಡಿಸಿದರು. ಒಳಗೆ ಕಟಕಟ ಎಂದಿತು. ಮಗಳು ನಕ್ಕಳು. ಅವರು ಪಂಜೆ ಬಿಚ್ಚಿದರು.

"ಇದರ ಅರಗು ಎಲ್ಲಿ ಮಗಾ?"

ಅವಳು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಮುಂದೆ ಬಂದ. "ನಾನ ತಗದೀನ್ರಿ ಸಾಹೇಬ್ರ. ಇವತ್ತ ಸೋಮಾರ. ದೇವರಿಗಿ ಎಡಿ ಹಿಡೀದ ನಿಮಗ ಹೆಂಗ ತಿನ್ನಾಕ ಕೊಡೂದ್ರಿ?"

"ಎಂಥ ಮಾಡಿದಿರಿ ನೀವು! ಇದು ನಿನ್ನೆ ಸುಟ್ಟದ್ದಲ್ಲ ಅಂತ ನಾನು ಹೇಗೆ ಹೇಳುವುದು?"

"ದೇವರಾಣಿ, ಒಂದ ತಗದೀನ್ರಿ."

"ದೇವರನ್ನು ಸಾಕ್ಷಿಗೆ ಕರೆಯಲಿಕ್ಕೆ ಆಗುವುದಿಲ್ಲ ಮಾರಾಯರೆ."

"ಮುರದ ನೋಡ್ರಿ" ಎಂದೆ ನಾನು. ಅವರು ಮುರಿದರು. ಸದ್ದು ಹಿಂದಿನ ಬೆಂಚಿಗೂ ಕೇಳಿತು. ತಿಂದರು, ಚೆನ್ನಾಗಿದೆ ಎಂದರು, ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಬಹುಮಾನ ಯಾರದೋ ಲಿಂಬೆ ಶರಬತ್ತಿಗೆ ಹೋಯಿತು.

ಲೋಕಲ್ ರೈಲಿನಲ್ಲಿ ಮಗಳು ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದಳು, "ಅಪ್ಪಾ, ದೇವರು ರೊಟ್ಟಿ ತಿಂದ್ನೇನ?"

"ನಾನ ತಿಂದೆ" ಎಂದ. "ಪ್ರಸಾದ ಚೆಲ್ಲಬಾರದಲಾ."

ಅವನು ಭಾಂಡುಪ್ ಬರುವವರೆಗೂ ತನ್ನ ಕೈ ನೋಡಿಕೊಂಡು ಕೂತ. ಬೈಯಬೇಕೆಂದುಕೊಂಡೆ. ಬೈದು ಏನು ಬರುತ್ತಿತ್ತು?

ಮರುವಾರ ಮಗಳು ಔಷಧಿ ಫ್ಯಾಕ್ಟರಿಗೆ ಸೇರಿದಳು. ಬುತ್ತಿಗೆ ಆ ಡಬ್ಬಿಯ ರೊಟ್ಟಿಗಳನ್ನೇ ಕಟ್ಟಿಕೊಟ್ಟೆ. ಮಳೆ ಇನ್ನೂ ಹೊಡೆಯುತ್ತಿತ್ತು. ಅವು ಮೆತ್ತಗಾಗಿರಲಿಲ್ಲ.