ಮಾಸ್ಟ್ರು ಬೆಂಚಿನಲ್ಲಿ ಬಿಟ್ಟುಕೊಟ್ಟ ಜಾಗ

ನಾಲ್ಕನೇ ಕ್ಲಾಸಿನಲ್ಲಿರುವಾಗ ನಾನು ಒಬ್ಬರ ಬದುಕಿನ ಕೆಲಸ ಕೆಡಿಸಿದ್ದೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಅರವತ್ತರ ದಶಕ, ಪೊಳಲಿಯ ಹತ್ತಿರದ ಹೊಳೆಬದಿಯ ಶಾಲೆ. ನಮ್ಮ ಮಾಸ್ಟ್ರ ಕೈಯಲ್ಲಿ ಬೆತ್ತ ಇರಲಿಲ್ಲ. ‘ಗೊತ್ತಿಲ್ಲ’ ಎಂದು ಮಗು ಹೆದರದೆ ಹೇಳಿದಲ್ಲಿಂದಲೇ ಕಲಿಕೆ ಶುರು ಎಂದು ನಂಬಿದ್ದ ಮನುಷ್ಯ. ಅದನ್ನೇ ವರ್ಷಗಳಿಂದ ದಪ್ಪ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ಯಾರಾದರೂ ಹಾಗೆ ಹೇಳಿದರೆ ತಮ್ಮ ಬೆಂಚಿನಲ್ಲಿ ಸರಿದು ಕೂತು, "ಬಾ, ಇಬ್ಬರೂ ಸೇರಿ ಹುಡುಕುವ" ಎನ್ನುತ್ತಿದ್ದರು. ಆ ಜಾಗಕ್ಕೆ ನಮ್ಮೊಳಗೆ ಜಗಳವೇ ಆಗುತ್ತಿತ್ತು. ನನಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ. ಎಲ್ಲ ಗೊತ್ತಿದ್ದ ಹುಡುಗಿ ನಾನು.

ಬೆತ್ತವಿಲ್ಲದ ಶಾಲೆಯಲ್ಲಿ ಮಕ್ಕಳು ಏನೂ ಕಲಿಯುವುದಿಲ್ಲ ಎಂದು ಊರಿನವರ ದೂರು ಹೋಗಿ ಶಾಲಾ ಇನ್‌ಸ್ಪೆಕ್ಟರು ಬಂದರು. ಮಕ್ಕಳು ಉತ್ತರ ಹೇಳದಿದ್ದರೆ ಮಾಸ್ಟ್ರಿಗೆ ಬೇರೆ ಊರಿಗೆ ವರ್ಗ, ನಮಗೆ ಮತ್ತೆ ಬೆತ್ತ. ಇದು ನಮಗೂ ತಿಳಿದಿತ್ತು.

ಇನ್‌ಸ್ಪೆಕ್ಟರ ಬೆರಳು ನನ್ನ ಕಡೆ ತಿರುಗಿತು. "ಎಲ್ಲಿಂದ ಬರುವುದು ನೀನು?"

"ಹೊಳೆಯ ಆಚೆಯಿಂದ ಸಾರ್, ದೋಣಿಯಲ್ಲಿ."

"ಆ ಹೊಳೆಯ ಹೆಸರೆಂತ?"

ಫಲ್ಗುಣಿ. ಹಿಂದಿನ ವಾರವಷ್ಟೇ ಅದರ ತಿರುವುಗಳನ್ನೆಲ್ಲ ಮರಳಿನಲ್ಲಿ ಬಿಡಿಸಿ ತೋರಿಸಿದವಳು ನಾನು. ಆದರೆ ಆಗ ಕಣ್ಣಿಗೆ ಬಿದ್ದದ್ದು ಮಾಸ್ಟ್ರ ಬೆಂಚಿನ ಆ ಜಾಗ ಮಾತ್ರ.

"ಗೊತ್ತಿಲ್ಲ ಸಾರ್."

"ಎಂತ ಮಾಸ್ಟ್ರೇ ಇದು? ದಿನಾ ದಾಟುವ ಹೊಳೆ ಮಾರಾಯ್ರೆ! ನಾಳೆ ಅಪ್ಪನ ಹೆಸರು ಕೇಳಿದರೂ ಇದೇ ಉತ್ತರವಾ?"

ಹಿಂದೆ ಕೂತವರು ಕಿಸಕ್ಕೆಂದರು. ಮಾಸ್ಟ್ರು ನನ್ನನ್ನು ನೋಡಿದರು. ‘ಇವಳಿಗೆ ಗೊತ್ತುಂಟು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗು ಸುಳ್ಳು ಹೇಳಿತು ಎಂದು ಹೇಳುವುದು ಅವರಿಂದ ಆಗಲಿಲ್ಲ.

ತಿಂಗಳೊಳಗೆ ಮಾಸ್ಟ್ರಿಗೆ ದೂರದ ಕೊಕ್ಕಡದ ಕಡೆಗೆ ವರ್ಗವಾಯಿತು; ಆ ನೋಟುಬುಕ್ಕಿನ ಕೆಲಸ ಅಲ್ಲಿಗೇ ನಿಂತಿತು. ಹೊರಟ ದಿನ ಅಂಗಡಿಯ ಮುಂದಿನ ಬೆಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಕಾಲ ಬಳಿ ಟ್ರಂಕು. ಓಡಿ ಹೋಗಿ ಹೇಳಿದೆ, "ಮಾಸ್ಟ್ರೇ, ನನಗೆ ಹೆಸರು ಗೊತ್ತಿತ್ತು."

"ಮತ್ತೆ ಯಾಕೆ ಹಾಗೆ ಹೇಳಿದ್ದು?"

ಅವರು ಬೆಂಚಿನಲ್ಲಿ ಸ್ವಲ್ಪ ಸರಿದರು. "ಬಾ, ಇಬ್ಬರೂ ಸೇರಿ ಹುಡುಕುವ."

ನಾನು ಕೂರಲಿಲ್ಲ. ದೋಣಿಯ ಕಡೆಗೆ ಓಡಿದೆ.

ಆಮೇಲೆ ಮೂಡುಬಿದಿರೆಯಲ್ಲಿ ನಾನೂ ಟೀಚರಾದೆ. ಯಾವ ಮಗುವಿಗೂ ಹೊಡೆಯಲಿಲ್ಲ. ಅದರಿಂದ ಏನೂ ಸರಿಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚು ಖಾಲಿ ಇದ್ದರೂ ಅದರ ತುದಿಯಲ್ಲಿ ಯಾರೋ ನನಗಾಗಿ ಸರಿದು ಕೂತಿದ್ದಾರೆ ಎನಿಸುತ್ತದೆ. ಬಸ್ಸು ಬರುವವರೆಗೆ ನಾನು ನಿಂತೇ ಇರುತ್ತೇನೆ.