ಅಂಜಿನಮ್ಮ ಗೆರೆ ಎಳೆಯದ ರಂಗೋಲಿ

ಬೆಳಗಿನ ಐದೂವರೆ. ಜಿಗಣಿಯಾಚೆಯ ಖಾಸಗಿ ವಿಶ್ವವಿದ್ಯಾಲಯವೊಂದರ ಹುಡುಗಿಯರ ಹಾಸ್ಟೆಲ್. ಓದುವ ಕೋಣೆಯ ಮುಂದಿನ ನೆಲ ಒರೆಸಿ, ಅಂಜಿನಮ್ಮ ಸೊಂಟ ಬಗ್ಗಿಸಿ ಚುಕ್ಕಿ ಇಡುತ್ತಿದ್ದಾರೆ. ಹದಿನೈದರಿಂದ ಶುರು, ಎಂಟಕ್ಕೆ ನಿಲ್ಲಿಸುವುದು. ಆಮೇಲೆ ರಂಗೋಲಿ ಡಬ್ಬಿಯನ್ನು ಅಲ್ಲೇ ಬಿಟ್ಟು, ಬಕೆಟ್ ಎತ್ತಿಕೊಂಡು ಹೊರಟೇಬಿಡುತ್ತಾರೆ. ಗೆರೆ ಎಳೆಯುವುದು ಹುಡುಗಿಯರ ಕೆಲಸ. ಓದಿ ಓದಿ ಕಣ್ಣು ಕೆಂಪಗಾದವರು ಒಬ್ಬೊಬ್ಬರೇ ಬಂದು ಕೂರುತ್ತಾರೆ. ಚುಕ್ಕಿಗೆ ಚುಕ್ಕಿ ಸೇರಿಸುವಷ್ಟರಲ್ಲಿ ಪರೀಕ್ಷೆಯ ಭಯ ಒಂದಿಷ್ಟು ಇಳಿಯುತ್ತದಂತೆ.

ಐವತ್ಮೂರರ ಅಂಜಿನಮ್ಮ ಪಕ್ಕದ ಹಳ್ಳಿಯವರೇ. ಜಮೀನು ಮಾರಿ ಮೈದುನರು ಬಾಡಿಗೆ ಮನೆ ಕಟ್ಟಿಸಿದರು. ಗಂಡ ತೀರಿಕೊಂಡ ಮೇಲೆ ಇವರ ಪಾಲಿಗೆ ಬಂದದ್ದು ಪೊರಕೆ. ದಿನಕ್ಕೆ ಮೂರು ಮಹಡಿ, ನಲವತ್ತಾರು ಕೋಣೆ, ಇಪ್ಪತ್ತು ಬಕೆಟ್ ನೀರು. ಮಂಡಿ ನೋವಿಗೆ ಬಟ್ಟೆ ಕಟ್ಟಿಕೊಂಡೇ ಮೆಟ್ಟಿಲು ಹತ್ತುತ್ತಾರೆ. ಪರೀಕ್ಷೆ ದಿನಗಳಲ್ಲಿ ಒಂದರ ಬದಲು ನಾಲ್ಕು ಕಡೆ ಚುಕ್ಕಿ.

ಕಾಲೇಜಿನವರು ಮೆಚ್ಚಿ ಶಾಲು ಹೊದಿಸಲು ಕರೆದ ದಿನ, ಈಕೆ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅವಿತು ಕೂತಿದ್ದರು. ಸಂಕೋಚ ಎಂದುಕೊಂಡರು ಎಲ್ಲರೂ. ಸಂಕೋಚವಲ್ಲ, ಅದು ಮಾಡಿದ ತಪ್ಪಿನ ನಾಚಿಕೆ. ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ತಲೆ ತಗ್ಗಿಸುವಂತೆ ಮಾಡುವ ನಾಚಿಕೆ.

ಎರಡು ವರ್ಷದ ಹಿಂದಿನ ಮಾತು. ಹಿಂದಿನ ಮೆಟ್ಟಿಲ ಗೋಡೆಯ ಮೇಲೆ ಇದ್ದಿಲಲ್ಲಿ ಒಂದು ಕಣ್ಣು ಕಂಡಿತು. ಮರುದಿನ ಎರಡಾಯಿತು, ವಾರದಲ್ಲಿ ಒಂಬತ್ತು. ಇವರ ಹಳ್ಳಿಯಲ್ಲಿ ಇದ್ದಿಲ ಕಣ್ಣೆಂದರೆ ಮಾಟ. ಅರಿಶಿನದ ನೀರು ಎರಚಿ ಗೋಡೆ ತಿಕ್ಕಿ, ಕೈಗೆ ಮಸಿ ಅಂಟಿದ್ದ ಹುಡುಗಿಯನ್ನು ಹಿಡಿದು, ಮಾಟ ಮಾಡ್ತಾಳೆ ಎಂದು ಅಂಜಿನಮ್ಮ ಕಾರಿಡಾರ್ ತುಂಬ ಕೂಗಿಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಂಜಿನಿಯರಿಂಗ್ ಓದುವ ಹುಡುಗಿಯರೂ ನಂಬಿದರು. ಮೆಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಹದಿನೈದೇ ದಿನಕ್ಕೆ ಬೆಳಗಾವಿಯಿಂದ ಅಪ್ಪ ಬಂದರು, ಹಾಸ್ಟೆಲ್ ಬಿಡಿಸಿದರು, ಓದೂ ಅಲ್ಲಿಗೇ ನಿಂತಿತು. ಹೊರಡುವ ಮುನ್ನ ಹುಡುಗಿ ತಾನಾಗಿ ಪೊರಕೆ ಕೋಣೆಗೆ ಬಂದಳು. ಬೈಯಲಿಲ್ಲ.

"ಮಾಟ ಅಲ್ರೀ ಅಕ್ಕಾರ," ಎಂದಳು. "ಪರೀಕ್ಷಾ ಬಂತಂದ್ರ ಕೈ ನಡಗತಾವ. ಗ್ವಾಡಿ ಮ್ಯಾಲ ಕಣ್ಣ ಬರದು, ರೆಪ್ಪಿಗೂದಲ ಗೆರಿ ಒಂದೊಂದ ಎಳಕೋತ ಕುಂತ್ರ ನಡುಕ ನಿಂದರತೈತಿ. ಅದಕ್ಕ ಬರೀತಿದ್ದೆ."

ಅಂಜಿನಮ್ಮ ಪೊರಕೆ ಬಿಟ್ಟು ಅವಳ ಹಿಂದೆಯೇ ಮೆಟ್ಟಿಲಿಳಿದರು. ತಪ್ಪಾಯಿತು ಎನ್ನುವಷ್ಟರಲ್ಲಿ ಕಾರು ಗೇಟು ದಾಟಿತ್ತು. ಆಮೇಲೆ ಆಕೆ ಪ್ರತಿ ಕೋಣೆಗೂ ಹೋಗಿ, ನಾನು ಹೇಳಿದ್ದು ಸುಳ್ಳು ಎಂದು ಹೇಳಿಬಂದರು. ಕೆಲವರು ನಕ್ಕರು, ಕೆಲವರು ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. ಮುಂದಿನ ಪರೀಕ್ಷೆಯ ಹೊತ್ತಿಗೆ ಚುಕ್ಕಿ ಇಡಲು ಶುರುಮಾಡಿದರು.

"ನಾನೇನು ಉಪ್ಕಾರ ಮಾಡ್ತಿಲ್ಲ ಸಾರ್," ಎನ್ನುತ್ತಾರೆ, ನೆಲ ನೋಡುತ್ತ. "ಒಂದು ಮಗೀನ ಓದು ಕಳ್ದೋಳು ನಾನು. ಇದೆಲ್ಲ ಅದುಕ್ಕೆ ಸಮ ಆಗಾಕಿಲ್ಲ."

ಆ ಹುಡುಗಿಯ ಊರಿಗೆ ಹೋಗಿ ಬರಬೇಕೆಂಬ ಆಸೆ ಇದೆ. ಯಾವ ಮುಖ ಹೊತ್ತು ಹೋಗುವುದೆಂಬ ಅಳುಕೂ ಇದೆ. ಫೋಟೊ ಬೇಡವೇ ಬೇಡ ಎಂದ ಅಂಜಿನಮ್ಮ, ಬರೆಯುವುದಕ್ಕೆ ಒಪ್ಪಿದ್ದು ಒಂದೇ ಮಾತಿನ ಮೇಲೆ.

"ಆ ಮಗೀನ ಎಸ್ರು ಆಕ್ಬ್ಯಾಡಿ, ಜನದ ಬಾಯಿಗೆ ಬಿದ್ದಿದ್ದು ಸಾಕು. ನನ್ನೆಸ್ರು ಆಕಿ. ಆ ಕಣ್ಗೋಳ್ನ ಅಳಿಸ್ದೋಳು ಇವ್ಳೇ ಅಂತ ಬರೀರಿ."