ಬದಲಾಪುರದ ಸುಮತಿ ಅಜ್ಜಿ

ಸುಮತಿ ಅಜ್ಜಿಯ ಬ್ಲಾಗು ಬರೆಯುತ್ತಿದ್ದವಳು ನಾನು. ಅಂಥ ಅಜ್ಜಿ ಇರಲೇ ಇಲ್ಲ — ಬದಲಾಪುರದಲ್ಲೂ ಇಲ್ಲ, ಬೇರೆಲ್ಲೂ ಇಲ್ಲ. ಇದನ್ನು ಹೇಳಬೇಕಾಗಿದ್ದ ದಿನ ಹೇಳದೆ, ಬಹಳ ತಡವಾಗಿ ಹೇಳಿದೆ.

ಆಗ ನಾನು ಅಪ್ಪ ಅಮ್ಮನ ಜೊತೆ ಡೊಂಬಿವಲಿಯಲ್ಲಿದ್ದೆ. ಮನೆಯಲ್ಲಿ ತುಳು, ರೈಲಿನಲ್ಲಿ ಮರಾಠಿ. ಕನ್ನಡ ಬರೆಯುವುದನ್ನು ಹಟ ಹಿಡಿದು ಕಲಿತಿದ್ದೆ. ನನ್ನ ಹೆಸರಿನಲ್ಲಿ ಬರೆದದ್ದನ್ನು ಯಾರೂ ಓದಲಿಲ್ಲ. ಒಮ್ಮೆ ತಮಾಷೆಗೆ ಎಪ್ಪತ್ತು ದಾಟಿದ ಮುದುಕಿಯಂತೆ ಪತ್ರೊಡೆಯ ಬಗ್ಗೆ ಬರೆದೆ — ಕಮೆಂಟುಗಳು ಬಂದವು. ‘ಅಜ್ಜೀ’ ಎಂದು ಕರೆದರು, ಬುದ್ಧಿಮಾತು ಕೇಳಿದರು. ಸೊಸೆಯೊಡನೆ ಹೇಗಿರಬೇಕು, ಗಂಡನ ಸಿಟ್ಟನ್ನು ಹೇಗೆ ತಾಳಬೇಕು... ಮದುವೆಯೇ ಆಗದ ನಾನು ಎಲ್ಲಕ್ಕೂ ಉತ್ತರ ಬರೆದೆ.

ಅಷ್ಟರಲ್ಲಿ ವಾಶಿಯಲ್ಲಿ ಕನ್ನಡ ಬ್ಲಾಗಿಗರೆಲ್ಲ ಸೇರುವುದೆಂದಾಯಿತು. ಹೋಗಬಾರದಿತ್ತು. ಆದರೆ ನನ್ನನ್ನು ಅಜ್ಜಿ ಎನ್ನುವವರ ಮುಖ ಹೇಗಿರಬಹುದು — ಆ ಕುತೂಹಲ ತಡೆಯಲಾಗಲಿಲ್ಲ. ಅಜ್ಜಿಯ ಮೊಮ್ಮಗಳು ನಾನು, ಅವರು ಹೇಳಿದ್ದನ್ನು ಟೈಪ್ ಮಾಡುತ್ತೇನೆ ಎಂದು ಪರಿಚಯಿಸಿಕೊಂಡೆ.

ಆಗ ಒಬ್ಬ ಹೆಂಗಸು ನನ್ನ ಕಡೆ ಓಡಿಬಂದಂತೆ ಬಂದರು. ಗಿರಿಜಕ್ಕ. ಕಲ್ಯಾಣದವರು, ತವರು ವಿಜಾಪುರ. ಬಾಲ್ಕನಿಯ ಗಿಡಗಳ ಬಗ್ಗೆ ಬ್ಲಾಗ್ ಬರೆಯುತ್ತಿದ್ದರು. ನನ್ನ ಹಿಂದೆಯೇ ಅಜ್ಜಿ ಬರುತ್ತಿದ್ದಾರೇನೋ ಎಂಬಂತೆ ಬಾಗಿಲು ನೋಡಿದರು.

“ಅಜ್ಜಿ ಬಂದಿಲ್ಲೇನವ್ವಾ?”

“ಇಲ್ಲ ಅಕ್ಕ, ಅವರಿಗೆ ಮಂಡಿನೋವು.”

ಅವರು ಒಂದು ಡಬ್ಬಿ ನನ್ನ ಕೈಗಿಟ್ಟರು. “ಹೋಳಿಗಿ. ಹಲ್ಲಿಲ್ಲಂತ ಬರದಿದ್ರಲ್ಲ, ಅದಕ್ಕ ಭಾಳ ಮೆತ್ತಗ ಮಾಡೀನಿ.”

ಆ ಕ್ಷಣ ಹೇಳಬಹುದಿತ್ತು. ಹೇಳಲಿಲ್ಲ. ಇಲ್ಲದ ಅಜ್ಜಿಯೊಬ್ಬಳು ಈಕೆಗೆ ಇಷ್ಟು ಬೇಕಾದದ್ದು ಹೇಗೆ — ಅದನ್ನು ತಿಳಿಯುವ ಆಸೆಯೇ ಹೆಚ್ಚಾಯಿತು. ಕೆದಕಿ ಕೆದಕಿ ಕೇಳಿದೆ. ಅವರು ಯಾರಿಗೂ ಹೇಳದ್ದನ್ನು ಹೇಳಿದರು. ತಮ್ಮ ಮಗಳು ಮರಾಠಿ ಹುಡುಗನನ್ನು ಮದುವೆಯಾದದ್ದಕ್ಕೆ ವಿಜಾಪುರದ ಅವ್ವ ಮುನಿದು ಮದುವೆಗೆ ಬಂದಿರಲಿಲ್ಲ. ಅಂದಿನಿಂದ ಅವ್ವನಿಗೂ ಗಿರಿಜಕ್ಕನಿಗೂ ಮಾತಿಲ್ಲ.

“ನಾನೇ ಮೊದಲ ಹೋಗಲೇನು ಅಂತ ಅಜ್ಜಿಗೆ ಕೇಳ ತಂಗಿ. ಅವರು ಹೂಂ ಅಂದ್ರ ನಾಳೆನೇ ಹೊಂಟೆ.”

ರೈಲಿನಲ್ಲಿ ಆ ಹೋಳಿಗೆಯನ್ನು ನಾನೇ ತಿಂದೆ. ಆ ವಾರ ಅಜ್ಜಿಯ ಬ್ಲಾಗಿನಲ್ಲಿ ಬರೆದೆ: ‘ತಪ್ಪು ಮಾಡಿದವರು ತಾವಾಗಿ ಬರಲಿ ಮಗಳೇ. ಪ್ರತಿ ಸಲ ಮಗಳೇ ಏಕೆ ಸೋಲಬೇಕು?’

ನಿಜ ಹೇಳುತ್ತೇನೆ — ಬರೆಯುವಾಗ ಆ ವಿಜಾಪುರದ ತಾಯಿ ನನ್ನ ಮನಸ್ಸಿಗೆ ಬರಲೇ ಇಲ್ಲ. ವಾಕ್ಯ ಚೆನ್ನಾಗಿ ಬಂದಿತ್ತು, ಅಷ್ಟೇ. ಎಷ್ಟೋ ಜನ ಮೆಚ್ಚಿದರು. ಗಿರಿಜಕ್ಕ ‘ಆಗಲಿ ಅಜ್ಜಿ’ ಎಂದಷ್ಟೇ ಬರೆದರು.

ಎರಡು ವರ್ಷ ಕಳೆದಿರಬೇಕು. ಅದೇ ಬರಹದ ಕೆಳಗೆ ಅವರ ಕಮೆಂಟು ಬಂತು: ‘ಅಜ್ಜಿ, ನೀವು ಹೇಳಿದಂತೆ ಕಾದೆ. ಅವ್ವ ಬರಲಿಲ್ಲ. ಮೊನ್ನೆ ತಮ್ಮ ಫೋನ್ ಮಾಡಿದ ಮೇಲೆ ನಾನೇ ಹೋದೆ. ಅವ್ವನಿಗೆ ಮರೆವಿನ ಕಾಯಿಲೆಯಂತೆ. ನನ್ನನ್ನು ನೋಡಿ, ಯಾರ ಮನಿ ಹುಡುಗಿ ನೀ ಅಂದಳು. ನೀವು ಆರೋಗ್ಯ ನೋಡಿಕೊಳ್ಳಿರಿ.’

ಬ್ಲಾಗು ಮುಚ್ಚಿದೆ. ಆಮೇಲೆ ಯಾವ ಕೂಟಕ್ಕೂ ಹೋಗಲಿಲ್ಲ — ವರ್ಷಗಟ್ಟಲೆ.

ಈ ವರ್ಷ ಠಾಣೆಯಲ್ಲಿ ಮತ್ತೆ ಸೇರಿದ್ದರು. ಹಳೆಯ ಬ್ಲಾಗಿಗರು ಯಾರ್ಯಾರು ಉಳಿದಿದ್ದಾರೆ ನೋಡೋಣವೆಂದು ಹೋದೆ. ಚಹಾ ಹಿಡಿದು ತಿರುಗಿದರೆ ಗಿರಿಜಕ್ಕ! ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ನನ್ನ ಕೈ ಹಿಡಿದುಕೊಂಡರು.

“ಅಜ್ಜಿ... ಅದಾರೇನವ್ವಾ?”

ಇದ್ದಾರೆ ಎನ್ನಲಾಗಲಿಲ್ಲ. ತೀರಿಕೊಂಡರು ಎನ್ನುವುದು ಇನ್ನೂ ಸುಲಭವಿತ್ತು — ಅದೂ ಬಾಯಿಗೆ ಬರಲಿಲ್ಲ. “ಅಜ್ಜಿ ಇರಲೇ ಇಲ್ಲ ಗಿರಿಜಕ್ಕ. ಎಲ್ಲಾ ನಾನೇ ಬರೀತಿದ್ದೆ,” ಎಂದೆ.

ಅವರು ಕೈ ಬಿಡಲಿಲ್ಲ. ನನ್ನ ಮುಖವನ್ನೇ ನೋಡಿದರು, ಹೊಸಬರನ್ನು ನೋಡುವಂತೆ.

“ಮಗಳೇ ಯಾಕ ಸೋಲಬೇಕು ಅಂತ ಬರದಿದ್ರಲ್ಲ... ಆ ಮಾತು ಯಾರದು? ನಿಮ್ಮ ಮನ್ಯಾಗ ಯಾರರೆ ಹಿರ್ಯಾರು ಹೇಳಿದ್ದೇನು?”

ಹೌದು ಎಂಬ ಒಂದು ಮಾತನ್ನು ಅವರು ಬೇಡುತ್ತಿದ್ದಾರೆಂದು ತಿಳಿಯಿತು. ಅಂದಿದ್ದರೆ ಅವರಿಗೊಂದು ಆಸರೆ ಉಳಿಯುತ್ತಿತ್ತೇನೋ. ಅಥವಾ ನನಗೆ...

“ಅಲ್ಲ ಅಕ್ಕ. ನನ್ನದೇ.”

“ಆವಾಗ ನಿನ್ನ ವಯಸ್ಸೆಷ್ಟು?”

“ಇಪ್ಪತ್ತನಾಲ್ಕು.”

ಗಿರಿಜಕ್ಕ ಬೈಯಲಿಲ್ಲ, ಅಳಲಿಲ್ಲ. ಲೆಕ್ಕ ತಪ್ಪಿದವರಂತೆ ಮೆಲ್ಲಗೆ ಅಂದರು: “ನನ್ನ ಮಗಳಿಗಿಂತ ಸಣ್ಣಾಕಿ ಮಾತು ಕೇಳಿ ನಮ್ಮವ್ವನ್ನ ಕಾಯಿಸಿದೆ.”

ಕೈ ಬಿಟ್ಟರು. ಚೀಲ ಹೆಗಲಿಗೇರಿಸಿ ಸ್ಟೇಷನ್ನಿನ ಕಡೆ ನಡೆದರು. ನಾನೂ ದೂರದಿಂದ ಹಿಂದೆ ಹೋದೆ. ಕಲ್ಯಾಣ ಲೋಕಲ್ ಬಂತು, ಅವರು ಹತ್ತಿದರು. ಈಗಲೂ ನನ್ನ ಮನೆ ಡೊಂಬಿವಲಿಯಲ್ಲೇ, ನನಗೂ ಅದೇ ಗಾಡಿ. ಹತ್ತುವ ಮುಖ ನನಗಿರಲಿಲ್ಲ.